ಒಂದೇ ಮಗ್ಗುಲಿಗೆ ಸುಣ್ಣ

ದೀಪಾವಳಿ ಕಳೆದು ನಾಲ್ಕೈದು ದಿನ ಆಗಿರಬೇಕು. ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಆ ಹೊತ್ತಿಗೆ ಎರಡು ವಾಸನೆಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದು, ಕಣದ ಮೂಲೆಯ ಹಂಡೆಯಲ್ಲಿ ಚೊಗರಿನ ಜೊತೆ ಕುದಿಯುವ ಅಡಿಕೆಯದು. ಮೂಗಿಗೆ ಬಡಿದರೆ ನಾಲಿಗೆಯೂ ಒಗರಾಗುತ್ತದೆ. ಇನ್ನೊಂದು, ಬಕೇಟಿನಲ್ಲಿ ಕದಡಿಟ್ಟ ಸುಣ್ಣದ್ದು, ಹಬ್ಬಕ್ಕೆ ಮುಂಚೆ ಮನೆಮನೆಯ ಗೋಡೆಗಳಿಂದ ಏಳುತ್ತಿದ್ದಂಥ ತಣ್ಣನೆಯ ವಾಸನೆ. ಕಣದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತು ಅಡಿಕೆ ಸುಲಿಯುತ್ತಿದ್ದರು. ಮಾತಿಗೂ ಕೈಗೂ ಸಂಬಂಧವೇ ಇಲ್ಲದ ಹಾಗೆ ಕೈ ತನ್ನ ಪಾಡಿಗೆ ಟಕ್ ಟಕ್ ಎಂದು ನಡೆದೇ ಇತ್ತು.

ತೋಟದೊಳಗೆ ಒಬ್ಬ ಆಳು ಬಿದಿರಿನ ಕೋಲಿಗೆ ಬ್ರಷ್ಷು ಕಟ್ಟಿಕೊಂಡು ಮರದಿಂದ ಮರಕ್ಕೆ ಸುಣ್ಣ ಬಳಿಯುತ್ತಾ ಹೋಗುತ್ತಿದ್ದ. ಅವನು ಮರವನ್ನು ಸುತ್ತು ಬರುತ್ತಿರಲಿಲ್ಲ. ಪಡುವಣ ತೆಂಕಣ ಮೂಲೆಗೆ ಮುಖ ಮಾಡಿದ ಒಂದು ಮಗ್ಗುಲಿಗೆ ಮಾತ್ರ ಮೇಲಿಂದ ಕೆಳಕ್ಕೆ ಎರಡೇ ಎಳೆತ ಎಳೆದು ಮುಂದಿನ ಮರಕ್ಕೆ. ಮಳೆಗಾಲ ಮುಗಿದ ಮೇಲೆ ಸೂರ್ಯ ತೆಂಕಣಕ್ಕೆ ವಾಲುತ್ತಾನೆ. ಮಧ್ಯಾಹ್ನ ತಿರುಗಿದ ಬಿಸಿಲು ಆ ಮಗ್ಗುಲಿಗೇ ಬಡಿದು ಬಡಿದು ಕಾಂಡ ಸುಟ್ಟು ಸೀಳುತ್ತದೆ, ಸೀಳಿದ ಕಡೆ ರೋಗ ಹೊಕ್ಕು ಮುಂದೊಂದು ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಸುಣ್ಣ ಬೇಕಾದದ್ದು ಅಲ್ಲಿಗೆ ಮಾತ್ರ. ಹಾಗಾಗಿ ಪಡುವಣದಿಂದ ನೋಡಿದರೆ ತೋಟವೆಲ್ಲ ಬೆಳ್ಳನೆಯ ಕಂಬಗಳ ಮಂಟಪ. ಬದುವಿನ ಆಚೆಗೆ ಹೋಗಿ ಮೂಡಣದಿಂದ ತಿರುಗಿ ನೋಡಿದರೆ ಏನೂ ಆಗಿಯೇ ಇಲ್ಲ, ಅದೇ ಹಸಿರು ಬೂದು ಕಾಂಡಗಳು.

ತಮ್ಮನ ಮಗಳು ಹಬ್ಬಕ್ಕೆ ಬಂದವಳು ಅಲ್ಲೇ ಬದುವಿನ ಮೇಲೆ ಕೂತಿದ್ದಳು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಾಳೆ. ಯಾವುದರಲ್ಲಿ ಎಂದು ನೆಂಟರು ಕೇಳಿದಾಗಲೆಲ್ಲ ತಮ್ಮ "ಅದೇ, ಕಂಪ್ಯೂಟರು" ಅಂದು ಮಾತು ಮುಗಿಸುತ್ತಾನೆ. ಅವತ್ತು ನಾನೇ ಕೇಳಿದೆ.

"ಈ ಮುದುಕನಿಗೆ ತಿಳಿಯೋ ಹಾಗೆ ಹೇಳವ್ವ, ನೀನು ಅಲ್ಲಿ ಮಾಡೋದಾದರೂ ಏನು?"

ಅವಳು ಆಳಿನ ಕಡೆ ಕೈ ತೋರಿಸಿದಳು. "ಇದೇ ದೊಡ್ಡಪ್ಪ. ಹಿಂಗೇ ಸಪೂರಾದ ಮರ, ಒಂದೇ ಮಗ್ಗುಲಿಗೆ ಬಳಿಯೋದು. ಸುಣ್ಣದ ಬದಲು ಅಲ್ಯೂಮಿನಿಯಂ. ಮರ ಒಂದು ಚೂರು ಸಣ್ಣದು, ಅಷ್ಟೇ."

ಆ "ಒಂದು ಚೂರು" ನೋಡಬೇಕೆಂದೇ ಮೂರನೆಯ ದಿನ ಅವಳ ಜೊತೆ ಬಸ್ಸು ಹತ್ತಿದೆ. ಕಿಟಕಿ ಪಕ್ಕದಲ್ಲಿ ನಿಮಗೂ ಜಾಗ ಇದೆ, ಬನ್ನಿ.

ಹೊಸದುರ್ಗದ ಹಾದಿಯಲ್ಲಿ ಅಡಿಕೆ ಹಿಂದೆ ಸರಿದು ತೆಂಗು ಮುಂದೆ ಬರುತ್ತದೆ. ಅಡಿಕೆಯಾಗಲಿ ತೆಂಗಾಗಲಿ ಬೇವು ಹುಣಸೆಗಳ ಹಾಗೆ ಬೆಳೆಯುವ ಜಾತಿಯಲ್ಲ. ಬೇವಿಗೆ ವರ್ಷ ವರ್ಷ ಸೊಂಟ ದಪ್ಪವಾಗುತ್ತದೆ. ಈ ಮರಗಳದ್ದೆಲ್ಲ ತಲೆಯಲ್ಲೇ ಬೆಳವಣಿಗೆ. ಸುಳಿ ಇರುವ ಕಡೆ ಹೊಸ ಕಾಂಡ ಸೇರಿಕೊಳ್ಳುತ್ತಾ ಸುಳಿ ಮೇಲೆ ಮೇಲೆ ಏರುತ್ತದೆ. ಸುಳಿ ಕೊಳೆತರೆ ಮರ ಮುಗಿಯಿತು. ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಹಿರಿಯೂರು ಸಮೀಪಿಸುತ್ತಾ ನೆಲ ಒಣಗುತ್ತದೆ, ಗಾಳಿ ಬಿರುಸಾಗುತ್ತದೆ, ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಅವಸರವಿಲ್ಲದೆ ತೋಳು ಬೀಸುತ್ತಿರುತ್ತವೆ. ಮಾರಿಕಣಿವೆ ಸೀಮೆ ದಾಟುವಾಗ ಬಸ್ಸಿನಲ್ಲಿ ಯಾರಾದರೊಬ್ಬರು ಅಣೆಕಟ್ಟೆಯ ಮಾತೆತ್ತದೆ ಇರುವುದಿಲ್ಲ. ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ ವೇದಾವತಿಗೆ ಅಡ್ಡವಾಗಿ 1898ರಲ್ಲಿ ಶುರು ಮಾಡಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ; 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಆ ವರ್ಷ ನೀರು ನೋಡಲು ಜಾತ್ರೆಯಂತೆ ಜನ ನೆರೆದಿದ್ದರು. ಹಿಂದೆ ಕುಳಿತ ಅಜ್ಜ ಅದನ್ನೇ ಹೇಳುತ್ತಿದ್ದ.

ನಮ್ಮ ಹುಡುಗಿ ಅದರ ಎಳೆ ಹಿಡಿದಳು. ನೀರು ಇದ್ದರೆ ಸಾಲದು, ಬೇಕೆಂದಾಗ ಬಿಡಲು ಬೇಡವೆಂದಾಗ ನಿಲ್ಲಿಸಲು ತೂಬು ಬೇಕು, ಅಲ್ಲವೇ? ವಿದ್ಯುತ್ತಿನ ಲೋಕದಲ್ಲಿ ತೂಬಿನ ಗುಣ ಇರುವುದು ಅರೆವಾಹಕಗಳಿಗೆ. ಪಕ್ಕದಲ್ಲಿ ಒಂದು ಲೋಹದ ಪಟ್ಟಿ ಇಟ್ಟು ಅದಕ್ಕೆ ಒಂದಿಷ್ಟು ವೋಲ್ಟೇಜು ಕೊಟ್ಟರೆ ಒಳಗಿನ ಎಲೆಕ್ಟ್ರಾನುಗಳ ಹರಿವು ಹೆಚ್ಚುತ್ತದೆ, ಕಡಿಮೆಯಾಗುತ್ತದೆ, ನಿಂತೇ ಹೋಗುತ್ತದೆ. ನೀರುಗಂಟಿ ನೀರು ಮುಟ್ಟದೆ ತಿರುಪು ತಿರುಗಿಸಿದ ಹಾಗೆ ಆ ಪಟ್ಟಿ ಅರೆವಾಹಕವನ್ನು ಮುಟ್ಟುವುದೂ ಇಲ್ಲ. ಅತಿವಾಹಕದ್ದು ಬೇರೆಯೇ ಗುಣ. ತಕ್ಕಷ್ಟು ತಣ್ಣಗಾದಾಗ ಅದರಲ್ಲಿ ಎಲೆಕ್ಟ್ರಾನುಗಳು ಜೋಡೆತ್ತಿನ ಹಾಗೆ ಇಬ್ಬಿಬ್ಬರಾಗಿ ನಡೆಯುತ್ತವೆ, ಒಂದು ಕಾಳಿನಷ್ಟೂ ನಷ್ಟವಿಲ್ಲದೆ. 1911ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಆನ್ನೆಸ್ ಪಾದರಸದಲ್ಲಿ ಇದನ್ನು ಮೊದಲು ಕಂಡ. ಆದರೆ ಅತಿವಾಹಕಕ್ಕೆ ತೂಬಿಲ್ಲ. ಎರಡನ್ನೂ ಕೂಡಿಸಿದರೆ?

"ಅದಕ್ಕೇ ಮದುವೆ ಮಾಡಿಸ್ತಾ ಇದೀವಿ" ಅಂದಳು. ಮುಂದಿನ ಸೀಟಿನ ಹೆಂಗಸು ಯಾರಿಗೆ ಎಂದು ತಿರುಗಿ ನೋಡಿದರು.

ಅಷ್ಟರಲ್ಲಿ ಶಿರಾ ದಾಟಿತ್ತು. ತುಮಕೂರು ಆದ ಮೇಲೆ ಹೇಳುವಂಥದ್ದೇನೂ ಇಲ್ಲ, ಲಾರಿಗಳು.

ಮರುದಿನ ಬೆಳಿಗ್ಗೆ ಅವಳ ಪ್ರಯೋಗಾಲಯ. ಎಂದಿನಂತೆ ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟುಕೊಂಡು ಹೊರಟೆ. ಕ್ಲೀನ್‌ರೂಮಿನ ಬಾಗಿಲ ಬಳಿ ಬಂದಾಗ ಅವಳು ತಾನಿಟ್ಟುಕೊಂಡಿದ್ದ ಚಿಟಿಕೆ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡಳು. ಒಳಗೆ ವಿಭೂತಿ, ಕುಂಕುಮ, ಪೌಡರು, ಕಾಡಿಗೆ ಯಾವುದೂ ಕೂಡದು. ಪೆನ್ಸಿಲ್ಲೂ ಕೂಡದು, ಗೀಚಿದರೆ ಪುಡಿ ಉದುರುತ್ತದೆ. ಮಾಮೂಲಿ ಕಾಗದವೂ ಕೂಡದು, ಅದರ ನಾರು ಹಾರುತ್ತದೆ. ಬರೆದುಕೊಳ್ಳಲು ಬೇರೆಯೇ ಜಾತಿಯ ಕಾಗದ. ಬೂಟಿಗೆ ಹೊದಿಕೆ, ತಲೆಗೆ ಕುಲಾವಿ, ಮೈಗೆ ಕತ್ತಿನಿಂದ ಹರಡಿನವರೆಗೆ ಬಿಳಿ ನಿಲುವಂಗಿ, ಬಾಯಿಗೆ ಮುಖವಾಡ, ಎರಡು ಜೊತೆ ಕೈಗವಸು. ಹಾಕಿಕೊಳ್ಳುವುದಕ್ಕೂ ಕ್ರಮವಿದೆ: ಮೇಲಿನಿಂದ ಕೆಳಕ್ಕೆ, ತಲೆ ಮೊದಲು, ಕಾಲು ಕೊನೆಗೆ. ತರಬೇತಿ ಇಲ್ಲದವರಿಗೆ ಪ್ರವೇಶವಿಲ್ಲ. ನಾನೂ ನೀವೂ ಗಾಜಿನ ಈಚೆ.

ಗಾಜಿನ ಆಚೆ ಎಲ್ಲವೂ ಹಳದಿ. ಅರಿಶಿನದ ನೀರಿನಲ್ಲಿ ಮುಳುಗಿಸಿದಂಥ ಬೆಳಕು. ಬೆಳಕಿಗೆ ಕೆಡುವ ರಸಾಯನಗಳಿವೆ, ನೀಲಿ ಬೆಳಕು ಬಿದ್ದರೆ ಹಾಳಾಗುತ್ತವೆ, ಅದಕ್ಕೆ. ಚಾವಣಿಯುದ್ದಕ್ಕೂ ಕೂರಿಸಿದ ಸೋಸುಕಗಳಿಂದ ಗಾಳಿ ಸದಾ ಕೆಳಕ್ಕೆ ಇಳಿಯುತ್ತದೆ, ನೆಲದ ತೂತುಗಳಲ್ಲಿ ಹೋಗಿಬಿಡುತ್ತದೆ. ಅದರ ಮೊರೆತ ಗಾಜಿನ ಈಚೆಗೂ ಕೇಳುತ್ತದೆ. ದೂರದ ತೋಟದಲ್ಲಿ ಮೋಟರು ಓಡುತ್ತಿದ್ದರೆ ರಾತ್ರಿ ಮನೆಯ ಜಗುಲಿಗೆ ಕೇಳುತ್ತದಲ್ಲ, ಹಾಗೆ. ನಡುನಡುವೆ ಯಾರೋ ಸಾರಜನಕದ ಪಿಚಕಾರಿ ಒತ್ತಿ ಚಿಪ್ಪನ್ನು ಒಣಗಿಸಿದ ಸದ್ದು, ಸುಯ್. ನೂರನೇ ದರ್ಜೆ ಎಂದು ಕರೆಯುವ ಇಂಥ ಕೋಣೆಯಲ್ಲಿ ಒಂದು ಘನ ಅಡಿ ಗಾಳಿ ಹಿಡಿದು ಎಣಿಸಿದರೆ ಅರ್ಧ ಮೈಕ್ರಾನಿಗಿಂತ ದೊಡ್ಡ ಧೂಳಿನ ಕಣ ನೂರು ದಾಟಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಇಂಥದ್ದು 14,000 ಚದರಡಿಯಷ್ಟಿದೆ. ಒಂದು ಭಾಗ ನೂರನೇ ದರ್ಜೆ, ಇನ್ನೊಂದು ಸಾವಿರದ್ದು. ಹಿರಿಯೂರಿನ ಬೇಸಿಗೆಯ ಸುಳಿಗಾಳಿ ನೋಡಿ ಬೆಳೆದವರಿಗೆ ಧೂಳನ್ನು ಹೀಗೆ ತಲೆಯೆಣಿಸಿ ಒಳಬಿಡುವುದು ಸ್ವಲ್ಪ ಅತಿಯೆನಿಸುತ್ತದೆ, ಅವಳು "ಮರ" ಎಂದಿದ್ದ ಆ ತಂತಿಗಳನ್ನು ನೋಡುವ ತನಕ.

ತಂತಿಗಳು ಬಂದದ್ದು ಹೊರದೇಶದಿಂದ, ಕಡಲೆಬೀಜದ ಡಬ್ಬಿಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಒಳಗೆ ಕಿರುಬೆರಳ ಉಗುರಿನಷ್ಟು ಕಪ್ಪು ಚೂರು. ಬರಿಗಣ್ಣಿಗೆ ಮಂಕಾಗಿ, ಮಸಿ ಹಿಡಿದ ಹಾಗೆ ಕಾಣುತ್ತದೆ, ಅಷ್ಟೇ. ಅವಳು ಅದರದ್ದೊಂದು ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು, ಕಪ್ಪುಬಿಳುಪು. ನಾನು ಒಂದು ಗಳಿಗೆ ಸುಮ್ಮನಾದೆ. ಭೀಮಸಮುದ್ರದ ಏರಿಯ ಮೇಲೆ ನಿಂತು ನೋಡಿದ ತೋಟವೇ ಅದು: ನೆಟ್ಟಗೆ, ಸಪೂರವಾಗಿ, ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಮರಗಳು, ಪ್ರತಿಯೊಂದರ ತಲೆಯ ಮೇಲೂ ಒಂದು ಗುಂಡು. ಎತ್ತರ ಎಂಟು ಹತ್ತು ಮೈಕ್ರಾನು. ದಪ್ಪ 100 ನ್ಯಾನೋಮೀಟರು, ಅಂದರೆ ತಲೆಗೂದಲನ್ನು ಉದ್ದುದ್ದಕ್ಕೆ ಸೀಳಿ ಅಗಲದಲ್ಲಿ ಸಾವಿರ ಪಾಲು ಮಾಡಿದರೆ ಒಂದು ಪಾಲು.

ಆ ಗುಂಡು ಚಿನ್ನ. ಇಂಡಿಯಂ ಆರ್ಸೆನೈಡ್ ಎಂಬ ಅರೆವಾಹಕದ ಹಾಳೆಯ ಮೇಲೆ ಚಿನ್ನದ ಹನಿಗಳನ್ನು ಸಾಲಾಗಿ ಇಟ್ಟು, ಗಾಳಿಯೇ ಇಲ್ಲದ ಉಕ್ಕಿನ ಕೊಠಡಿಯಲ್ಲಿ ನಾನೂರು ಡಿಗ್ರಿಯ ಆಸುಪಾಸು ಬಿಸಿ ಮಾಡಿ, ಇಂಡಿಯಂ ಮತ್ತು ಆರ್ಸೆನಿಕ್ ಆವಿಯನ್ನು ಹಾಯಿಸುತ್ತಾರೆ. ಚಿನ್ನದ ಹನಿ ಆವಿಯನ್ನು ಹೀರುತ್ತದೆ, ಹೀರಿ ಹೀರಿ ಹೊಟ್ಟೆ ತುಂಬಿದ ಮೇಲೆ ಬುಡದಲ್ಲಿ ಒಂದೊಂದೇ ಪದರವಾಗಿ ಹರಳು ಕಟ್ಟುತ್ತದೆ. ಪದರ ಕಟ್ಟಿದಂತೆಲ್ಲ ಹನಿ ಮೇಲಕ್ಕೆ. ತೆಂಗಿನ ಸುಳಿಯ ಲೆಕ್ಕವೇ, ಬೆಳವಣಿಗೆಯೆಲ್ಲ ತಲೆಯಡಿಯಲ್ಲಿ. ಚಿನ್ನದ ಹನಿಯಿಂದ ಹೀಗೆ ತಂತಿ ಬೆಳೆಸಬಹುದೆಂದು 1964ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದ ವ್ಯಾಗ್ನರ್ ಮತ್ತು ಎಲ್ಲಿಸ್ ಸಿಲಿಕಾನಿನಲ್ಲಿ ಮಾಡಿ ತೋರಿಸಿದ್ದರು.

ಇನ್ನು ಸುಣ್ಣ ಬಳಿಯುವ ಕೆಲಸ. ನನಗೆ ಇಡೀ ಕಥೆಯಲ್ಲಿ ಮನಸ್ಸು ಹಿಡಿದು ನಿಂತದ್ದು ಇಲ್ಲಿ. ಮೊದಮೊದಲು ತಂತಿಯನ್ನು ಹೊರಗೆ ತೆಗೆದು, ಚಿಪ್ಪಿನ ಮೇಲೆ ಮಲಗಿಸಿ, ಆಮೇಲೆ ಅತಿವಾಹಕ ಲೋಹ ಹಾಕುತ್ತಿದ್ದರು. ಹೊರಗೆ ತೆಗೆದ ಕ್ಷಣ ಗಾಳಿ ತಾಗುತ್ತದೆ, ತಂತಿಯ ಮೈಮೇಲೆ ತುಕ್ಕಿನ ತೆಳು ಪೊರೆ ಕಟ್ಟುತ್ತದೆ. ಅದನ್ನು ಕೆರೆದರೆ ಗಾಯ, ಕೆರೆಯದಿದ್ದರೆ ನಡುವೆ ಕಸ. ಪೊರೆಯ ಮೇಲೆ ಹಾಕಿದ ಲೋಹ ಹಸಿ ಗೋಡೆಯ ಮೇಲಿನ ಬಣ್ಣದಂತೆ ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಡುತ್ತದೆ. 2015ರಲ್ಲಿ ಕೋಪನ್‌ಹೇಗನ್ನಿನ ಪೀಟರ್ ಕ್ರಾಗ್‌ಸ್ಟ್ರಪ್ ಮತ್ತು ಸಂಗಡಿಗರು ಒಂದು ದಾರಿ ತೋರಿಸಿದರು: ಹೊರಗೆ ತೆಗೆಯಲೇ ಬೇಡಿ. ತಂತಿ ಬೆಳೆದ ಕೊಠಡಿಯಲ್ಲೇ ಎಲ್ಲ ಒಲೆ ಆರಿಸಿ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುವ ತನಕ ತಣಿಯಲು ಬಿಟ್ಟು, ಓರೆಯಾಗಿ ಒಂದು ಕಡೆಯಿಂದ ಅಲ್ಯೂಮಿನಿಯಂ ಆವಿ ಹಾಯಿಸಿ. ಯಾಕೆ ಅಷ್ಟು ತಂಪು? ಬೆಚ್ಚಗಿದ್ದರೆ ಅಲ್ಯೂಮಿನಿಯಂ ಪರಮಾಣುಗಳು ಕೆಸುವಿನೆಲೆಯ ಮೇಲಿನ ನೀರಿನಂತೆ ಓಡಾಡಿ ಮಣಿಮಣಿಯಾಗುತ್ತವೆ. ತಂಪಿದ್ದರೆ ಬಿದ್ದಲ್ಲೇ ಕೂತು ಹಾಳೆ ಕಟ್ಟುತ್ತವೆ. ತಂತಿಗೆ ಆರು ಮುಖ. ಅಲ್ಯೂಮಿನಿಯಂ ಕೂರುವುದು ಎರಡೋ ಮೂರೋ ಮುಖದ ಮೇಲೆ, ಕೆಲವೇ ನ್ಯಾನೋಮೀಟರು ದಪ್ಪಕ್ಕೆ. ಉಳಿದ ಮುಖಗಳು ಬರಿಮೈ. ತೂಬಿನ ಪಟ್ಟಿಯ ಪ್ರಭಾವ ತಾಗಬೇಕಾದ್ದು ಅಲ್ಲಿಗೆ. ಆಳು ಮರ ಸುತ್ತಿ ಬಳಿಯದಿದ್ದುದಕ್ಕೂ ಇದಕ್ಕೂ ಕಾರಣ ಬೇರೆ ಬೇರೆ, ನೋಟ ಮಾತ್ರ ಒಂದೇ.

ಹೀಗೆ ಕೂತ ಅಲ್ಯೂಮಿನಿಯಮ್ಮಿಗೂ ಒಳಗಿನ ಅರೆವಾಹಕಕ್ಕೂ ನಡುವೆ ಪರಮಾಣು ಸಾಲಿಗೆ ಪರಮಾಣು ಸಾಲು ಹೊಂದಿಕೊಂಡಿರುತ್ತದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ನಮ್ಮ ದುರ್ಗದ ಕೋಟೆಯ ಗೋಡೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒತ್ತಿಗೆ ಇದ್ದ ಮಾತ್ರಕ್ಕೆ ಅತಿವಾಹಕದ ಗುಣ ತಂತಿಗೂ ಹತ್ತುತ್ತದೆ. ಹೂವಿನ ಸಂಗಡ ನಾರೂ ಸ್ವರ್ಗ ಸೇರಿದ ಹಾಗೆ. ನಾರು ಸರಿಯಾಗಿ ಹೂವಿಗೆ ತಾಗಿರಬೇಕು, ಅಷ್ಟೇ. ತಾಗದಿದ್ದರೆ ಏನಾಗುತ್ತದೆ? ಅತಿವಾಹಕದಲ್ಲಿ ಶಕ್ತಿಯ ಒಂದು ಖಾಲಿ ಪಟ್ಟಿ ಇರುತ್ತದೆ. ಅಲ್ಲಿ ಒಂಟಿ ಎಲೆಕ್ಟ್ರಾನುಗಳಿಗೆ ಜಾಗವಿಲ್ಲ. ಬೆಸುಗೆ ಕೆಟ್ಟಿದ್ದರೆ ಆ ಪಟ್ಟಿಯೊಳಕ್ಕೆ ಅವು ನುಸುಳುತ್ತವೆ, ನುಸುಳಿ ಲೆಕ್ಕವನ್ನೆಲ್ಲ ಕೆಡಿಸುತ್ತವೆ. ದುರ್ಗದವರಿಗೆ ಎಲ್ಲದಕ್ಕೂ ಓಬವ್ವನ ಕಿಂಡಿಯನ್ನೇ ಎಳೆದು ತರುವ ಚಾಳಿ, ನಾನೂ ತಡೆದುಕೊಳ್ಳಲು ನೋಡಿದೆ. ಆದರೆ ಇಲ್ಲಿ ಕಿಂಡಿ ಒಂದಲ್ಲ, ಸಾವಿರ. ಒನಕೆ ಹಿಡಿದು ನಿಲ್ಲಲು ಯಾರೂ ಇಲ್ಲ. ಕಿಂಡಿಯೇ ಇಲ್ಲದಂತೆ ಗೋಡೆ ಕಟ್ಟುವುದೊಂದೇ ದಾರಿ.

ಅವಳು ಒಳಗೆ ಕೆಲಸಕ್ಕೆ ಕೂತಳು. ಸೂಕ್ಷ್ಮದರ್ಶಕದ ಕೆಳಗೆ ಕಪ್ಪು ಚೂರು, ಪಕ್ಕದಲ್ಲಿ ಹೊಳೆಯುವ ಸಿಲಿಕಾನ್ ಚಿಪ್ಪು. ಟಂಗ್‌ಸ್ಟನ್ ಸೂಜಿಯೊಂದನ್ನು, ಅದರ ತುದಿ ಹೆಚ್ಚುಕಡಿಮೆ ತಂತಿಯಷ್ಟೇ ಸಪೂರ, ತಿರುಪುಗಳಿಂದ ಕೂದಲೆಳೆಯಷ್ಟಷ್ಟೇ ಸರಿಸುತ್ತಾ ಒಂದು ತಂತಿಯ ಬಳಿಗೆ ತಂದಳು. ಪರದೆಯ ಮೇಲೆ ತಂತಿ ಒಂದು ಸಣ್ಣ ಗೀರು. ಸೂಜಿ ಮುಟ್ಟಿತು, ಗೀರು ಬುಡದಲ್ಲಿ ಮುರಿದು ಸೂಜಿಗೇ ಅಂಟಿಕೊಂಡಿತು. ಅಂಟಿಸಲು ಗೋಂದಿಲ್ಲ; ಆ ಗಾತ್ರದಲ್ಲಿ ಎಲ್ಲವೂ ಎಲ್ಲಕ್ಕೂ ಅಂಟುತ್ತದೆ, ಕಷ್ಟವಿರುವುದು ಬಿಡಿಸುವುದರಲ್ಲಿ. ಚಿಪ್ಪಿನ ಮೇಲೆ ಬೇಕಾದ ಕಡೆ ಇಳಿಸಿ ಮೆಲ್ಲಗೆ ಉಜ್ಜಿದಳು. ಬಿಡಲಿಲ್ಲ. ಮತ್ತೆ ಉಜ್ಜಿದಳು. ಎಡಕ್ಕೆ ಹೊರಳಿ ಸೊಟ್ಟಗೆ ಬಿತ್ತು. ಸೂಜಿಯ ತುದಿಯಿಂದ ತಳ್ಳಿ ತಳ್ಳಿ ನೇರ ಮಾಡುವಷ್ಟರಲ್ಲಿ ನನ್ನ ಉಸಿರು ಗಾಜಿನ ಮೇಲೆ ಮಂಜು ಕಟ್ಟಿತ್ತು. ಒಂದು ಗಂಟೆಯಲ್ಲಿ ಆರು ತಂತಿ ಮಲಗಿಸಿದಳು. ಒಂದು ಹಾರಿ ಹೋಯಿತು, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ.

ಆಮೇಲಿನ ಕೆಲಸ ಅಡುಗೆಯಂತೆ. ಚಿಪ್ಪಿನ ಮೇಲೆ ರೆಸಿಸ್ಟ್ ಎಂಬ ಪಾಕದ ಒಂದು ಹನಿ. ಅಂಗಡಿಗಳ ಬೋರ್ಡು ಮಾಡುವ ಅಕ್ರಿಲಿಕ್ ಇದೆಯಲ್ಲ, ಅದನ್ನೇ ಕರಗಿಸಿದ ದ್ರವ. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಿಸಿದರೆ ಕಾವಲಿಯ ಮೇಲೆ ದೋಸೆ ಹಿಟ್ಟು ಹರಡಿದಂತೆ ತೆಳ್ಳಗೆ ಹರಡುತ್ತದೆ. ಬೇರೆ ಚಿಪ್ಪುಗಳಾದರೆ ಅದನ್ನು ನೂರೆಂಬತ್ತು ಡಿಗ್ರಿಯಲ್ಲಿ ಬೇಯಿಸಬಹುದು. ಇಲ್ಲಿ ಅಷ್ಟು ಉರಿ ಕೊಟ್ಟರೆ ಅಲ್ಯೂಮಿನಿಯಂ ಕೆಳಗಿನ ತಂತಿಯೊಳಕ್ಕೆ ಇಳಿದು ಮದುವೆ ಮುರಿಯುತ್ತದೆ, ಅದಕ್ಕೆ ಸಣ್ಣ ಉರಿ, ಹೆಚ್ಚು ಹೊತ್ತು. ನಂತರ ಎಲೆಕ್ಟ್ರಾನುಗಳ ಎಳೆಯಿಂದ ಆ ಪದರದ ಮೇಲೆ ಗೆರೆ ಬರೆಯಬೇಕು. ಅವಳು ಇದನ್ನು ರಾತ್ರಿಗೆ ಇಟ್ಟುಕೊಳ್ಳುತ್ತಾಳೆ: ಲಿಫ್ಟು ಓಡಾಡುವುದಿಲ್ಲ, ರಸ್ತೆಯಲ್ಲಿ ಲಾರಿ ಕಡಿಮೆ, ಗೆರೆ ನಡುಗುವುದಿಲ್ಲ. ಬರೆದ ಕಡೆ ರೆಸಿಸ್ಟ್ ಕರಗಿ ಕಿಟಕಿ ತೆರೆದುಕೊಳ್ಳುತ್ತದೆ.

ಮರುದಿನ ಆ ಕಿಟಕಿಯ ಮೂಲಕ ತಂತಿಯ ನಟ್ಟನಡುವೆ ಒಂದಿಷ್ಟು ಅಲ್ಯೂಮಿನಿಯಂ ತೆಗೆಯಬೇಕು, ನೂರಿನ್ನೂರು ನ್ಯಾನೋಮೀಟರಿನಷ್ಟು. ಐವತ್ತು ಡಿಗ್ರಿ ಬಿಸಿಯ ಆಮ್ಲದ ಮಿಶ್ರಣದಲ್ಲಿ ಹತ್ತು ಹನ್ನೆರಡು ಸೆಕೆಂಡು ಅದ್ದಿ ತಕ್ಷಣ ನೀರಿಗೆ. ಎರಡು ಸೆಕೆಂಡು ಹೆಚ್ಚಾದರೆ ಆಮ್ಲ ತಂತಿಯುದ್ದಕ್ಕೂ ಒಳಗೊಳಗೇ ಅಲ್ಯೂಮಿನಿಯಂ ತಿಂದುಬಿಡುತ್ತದೆ, ಕಡಿಮೆಯಾದರೆ ನಡುವೆ ಚೂರು ಉಳಿಯುತ್ತದೆ. ಅವಳ ತುಟಿ ಮುಖವಾಡದೊಳಗೆ ಎಣಿಸುತ್ತಿರುವುದು ಹೊರಗೂ ತಿಳಿಯುತ್ತಿತ್ತು. ಹಂಡೆಯಿಂದ ಒಂದು ಅಡಿಕೆ ತೆಗೆದು ಉಗುರಿನಿಂದ ಒತ್ತಿ "ಇನ್ನೊಂದು ಕುದಿ" ಎಂದು ಹೇಳುವ ಅವಳಪ್ಪನ ಮುಖವೂ ಹೀಗೇ ಇರುತ್ತದೆ.

ಅಲ್ಯೂಮಿನಿಯಂ ಹೋದ ಆ ಬರಿಮೈ ತುಂಡೇ ತೂಬು. ಅದರ ಈಚೆಗೂ ಆಚೆಗೂ ಅತಿವಾಹಕ. ಜೋಡಿ ಎಲೆಕ್ಟ್ರಾನುಗಳು ನಡುವಿನ ತುಂಡನ್ನು ಹಾದು ದಾಟುತ್ತವೆ, ಎಷ್ಟು ದಾಟಬೇಕೆಂಬುದು ಪಕ್ಕದ ಪಟ್ಟಿಯ ವೋಲ್ಟೇಜಿನ ಕೈಯಲ್ಲಿ. ಇಂಥ ತೂಬಿನಿಂದ ಕ್ವಾಂಟಂ ಕಂಪ್ಯೂಟರಿನ ಬಿಟ್ಟನ್ನು, ಅಂದರೆ ಕ್ಯೂಬಿಟ್ಟನ್ನು, ಕಟ್ಟಬಹುದು. ಅತಿವಾಹಕದ ಬೇರೆ ಕ್ಯೂಬಿಟ್ಟುಗಳನ್ನು ಸಾಮಾನ್ಯವಾಗಿ ಕಾಂತಕ್ಷೇತ್ರದಿಂದ ಹದ ಮಾಡಬೇಕು; ಇದನ್ನು ವೋಲ್ಟೇಜಿನಿಂದಲೇ. ಗೇಟ್‌ಮಾನ್ ಎಂದು ಹೆಸರಿಟ್ಟ ಈ ಬಗೆಯ ಕ್ಯೂಬಿಟ್ಟನ್ನು 2015ರಲ್ಲಿ ಕೋಪನ್‌ಹೇಗನ್ ಮತ್ತು ಹಾಲೆಂಡಿನ ಡೆಲ್ಫ್ಟ್ ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಮಾಡಿ ತೋರಿಸಿದವು. ಮಾಮೂಲಿ ಕಂಪ್ಯೂಟರಿನ ಬಿಟ್ಟು ಸೊನ್ನೆ ಇಲ್ಲವೇ ಒಂದು. ಕ್ಯೂಬಿಟ್ಟು ಎರಡರ ಬೆರಕೆಯಲ್ಲೂ ಇರಬಲ್ಲದು, ಮುಟ್ಟಿ ನೋಡಿದರೆ ಕೆಡುತ್ತದೆ. ಕೆಡದಂತೆ ಕಾಯುವುದೇ ಈ ಪ್ರಯೋಗಾಲಯದವರ ಬದುಕು.

ಇದಕ್ಕಿಂತ ದೊಡ್ಡ ಆಸೆಯೊಂದು ಈ ತಂತಿಗಳ ಹಿಂದಿದೆ. 1937ರಲ್ಲಿ ಎಟ್ಟೊರೆ ಮಯೊರಾನಾ ಎಂಬ ಇಟಲಿಯ ತರುಣ ತನಗೆ ತಾನೇ ಪ್ರತಿಕಣವಾದ ಕಣವಿರಬಹುದೆಂದು ಕಾಗದದ ಮೇಲೆ ತೋರಿಸಿದ. ಮರುವರ್ಷ ಹಡಗು ಹತ್ತಿದವನು ಕಣ್ಮರೆಯಾದ, ಸಿಗಲೇ ಇಲ್ಲ. 2001ರಲ್ಲಿ ಅಲೆಕ್ಸಿ ಕಿಟಾಯೆವ್ ಹೇಳಿದ್ದು: ಅತಿವಾಹಕ ತಂತಿಯ ಎರಡು ತುದಿಗಳಲ್ಲಿ ಅಂಥದ್ದು ಒಂದೊಂದು ಕೂರಬಹುದು, ಗುಟ್ಟನ್ನು ಎರಡು ತುದಿಗೆ ಹಂಚಿಟ್ಟರೆ ಒಂದು ಕಡೆಯ ಗದ್ದಲಕ್ಕೆ ಅದು ಕೆಡುವುದಿಲ್ಲ. 2010ರಲ್ಲಿ ಇಂಥ ಅರೆವಾಹಕ ತಂತಿಗೆ ಅತಿವಾಹಕ ಸೇರಿಸಿದರೆ ಸಾಧ್ಯ ಎಂದು ಎರಡು ತಂಡಗಳು ಲೆಕ್ಕ ಹಾಕಿದವು. 2012ರಲ್ಲಿ ಡೆಲ್ಫ್ಟ್‌ನಿಂದ ಮೊದಲ ಕುರುಹಿನ ಸುದ್ದಿ. ಅದೇ ವರ್ಷ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಿಂದ ಇಂಡಿಯಂ ಆರ್ಸೆನೈಡ್ ಮತ್ತು ಅಲ್ಯೂಮಿನಿಯಂ ಜೋಡಿಯಲ್ಲಿ ಅಂಥದೇ ಕುರುಹು. ವೈಜ್‌ಮನ್ ಪ್ರಬಂಧದ ಮೊದಲ ಹೆಸರು ಅನಿಂದ್ಯ ದಾಸ್. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗ ಸೇರಿದರು. ಆ ಸಂಸ್ಥೆಯ ಇನ್ನೊಂದು ಆವರಣ ನಮ್ಮ ಜಿಲ್ಲೆಯ ಚಳ್ಳಕೆರೆ ಬಳಿ ಕುದಾಪುರದ ಬಯಲಿನಲ್ಲಿದೆ, ಊರೂರಿನ ಶಾಲೆಯ ಮೇಷ್ಟ್ರುಗಳು ಅಲ್ಲಿಗೆ ತರಬೇತಿಗೆ ಹೋಗಿಬರುತ್ತಾರೆ.

ಕುರುಹು ಬೇರೆ, ಕಂಡದ್ದು ಬೇರೆ. ಡೆಲ್ಫ್ಟ್ ತಂಡ 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಮಯೊರಾನಾ ಸಿಕ್ಕೇ ಬಿಟ್ಟಿತು ಎಂಬಂತೆ ಬರೆಯಿತು. ಕಚ್ಚಾ ಅಂಕಿಅಂಶ ತರಿಸಿ ನೋಡಿದ ಸೆರ್ಗೇ ಫ್ರೊಲೊವ್ ಮತ್ತು ವಿನ್ಸೆಂಟ್ ಮೌರಿಕ್ ಹೊಂದದ ಗೆರೆಗಳು ಪ್ರಬಂಧದಲ್ಲಿ ಬಿಟ್ಟುಹೋಗಿವೆ ಎಂದರು. ಮೌರಿಕ್ 2012ರ ಡೆಲ್ಫ್ಟ್ ಪ್ರಬಂಧದ ಮೊದಲ ಹೆಸರಿನವರೇ. 2021ರಲ್ಲಿ ಪ್ರಬಂಧ ವಾಪಸಾಯಿತು. 2025ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಇದೇ ಎರಡು ವಸ್ತುಗಳ ಜೋಡಿಯಿಂದ ಮಾಡಿದ ಮಯೊರಾನಾ 1 ಚಿಪ್ಪನ್ನು ಹೊರತಂದಾಗಲೂ ಭೌತವಿಜ್ಞಾನಿಗಳು ಎರಡು ಪಾಲಾದರು. "ನೀನು ಯಾವ ಪಾಲು?" ಎಂದು ಕೇಳಿದೆ. "ನಾನು ಬೆಸುಗೆ ಪಾಲು ದೊಡ್ಡಪ್ಪ" ಅಂದಳು. ಅದು ಜಾರಿಕೊಳ್ಳುವ ಉತ್ತರ ಅನ್ನಿಸಿತು ಮೊದಲು. ಆಮೇಲೆ ತಿಳಿಯಿತು: ಕೆಟ್ಟ ಬೆಸುಗೆಯೂ ತಂತಿಯೊಳಗಿನ ಕಸವೂ ಮಯೊರಾನಾದ ವೇಷ ಹಾಕಿಕೊಂಡು ಬರುತ್ತವೆಯಂತೆ. ಇಷ್ಟು ವರ್ಷದ ಜಗಳದ ಬೇರು ಅಲ್ಲೇ ಇದೆ, ಮಾಡುವ ಕೈಯಲ್ಲಿ. ದೊಡ್ಡ ಘೋಷಣೆಗಳಿಗೆ ಸಿಗುವ ಪತ್ರಿಕೆಯ ಜಾಗದಲ್ಲಿ ಕಾಲುಭಾಗ ಆ ಹನ್ನೆರಡು ಸೆಕೆಂಡಿಗೆ ಸಿಕ್ಕಿದ್ದರೆ ಚೆನ್ನಿತ್ತು.

ದುಡ್ಡಿನ ಮಾತೂ ಒಂದಿಷ್ಟು ಬರಬೇಕು. ಕೇಂದ್ರ ಸರ್ಕಾರ 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು, 2031ರವರೆಗೆ 6003.65 ಕೋಟಿ ರೂಪಾಯಿ. ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿಗೆ ಬಂತು.

ಸಂಜೆ ಅವಳು ನೆಲಮಾಳಿಗೆಗೆ ಕರೆದೊಯ್ದಳು. ಹಿಂದೆ ಮಾಡಿದ ಚಿಪ್ಪೊಂದು ಅಲ್ಲಿ ತಣಿಯುತ್ತಿತ್ತು. ಚಿಪ್ಪಿನಿಂದ ಹೊರಕ್ಕೆ ಕೂದಲಿಗಿಂತ ತೆಳ್ಳನೆಯ ಅಲ್ಯೂಮಿನಿಯಂ ಎಳೆಗಳನ್ನು ಹೊಲಿಯುವಾಗ ಮಣಿಕಟ್ಟಿಗೆ ನೆಲಕ್ಕೆ ಜೋಡಿಸಿದ ಪಟ್ಟಿ ಕಟ್ಟಿಕೊಳ್ಳಬೇಕು. ನೈಲಾನ್ ಸೀರೆ ಮಡಚುವಾಗ ಚಟಚಟ ಎನ್ನುತ್ತದಲ್ಲ, ಅಂಥ ಒಂದು ಚಟಕ್ಕೆ ಮೂರು ವಾರದ ಕೆಲಸ ಸುಟ್ಟುಹೋಗುತ್ತದೆ. ಅವಳಿಗೆ ಎರಡು ಸಲ ಹೋಗಿದೆ.

ಫ್ರಿಜ್ಜು ಎಂದು ಕರೆಯುತ್ತಾರೆ, ಹಾಗೆ ಕರೆಯಲು ಧೈರ್ಯ ಬೇಕು. ಪಕ್ಕದಲ್ಲಿ ಹೊರಕವಚ ಬಿಚ್ಚಿಟ್ಟ ಇನ್ನೊಂದು ಇತ್ತು: ಚಿನ್ನದ ನೀರು ಕೊಟ್ಟ ತಾಮ್ರದ ತಟ್ಟೆಗಳು ಒಂದರ ಕೆಳಗೊಂದು ತೂಗುತ್ತಾ, ಇಳಿದಂತೆ ಕಿರಿದಾಗುತ್ತಾ, ನಾಯಕನಹಟ್ಟಿಯ ತೇರನ್ನು ತಲೆಕೆಳಗು ಮಾಡಿ ನೇತುಹಾಕಿದಂತೆ. ಮೇಲಿನ ತಟ್ಟೆಗಿಂತ ಕೆಳಗಿನದು ತಂಪು, ಅದಕ್ಕಿಂತ ಅದರ ಕೆಳಗಿನದು. ಅಲ್ಯೂಮಿನಿಯಂ ಅತಿವಾಹಕವಾಗಲು ಪರಮ ಶೂನ್ಯಕ್ಕಿಂತ 1.2 ಡಿಗ್ರಿ ಮೇಲಿನವರೆಗೆ ತಣಿದರೆ ಸಾಕು. ಆದರೆ ಕ್ಯೂಬಿಟ್ಟಿಗೆ ಅದು ಸುಡು ಬಿಸಿಲು. ತಳದ ತಟ್ಟೆಯನ್ನು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲಿಗೆ ಇಳಿಸುತ್ತಾರೆ. ನಕ್ಷತ್ರಗಳ ನಡುವಿನ ಬಯಲಿನ ತಂಪೂ 2.7 ಡಿಗ್ರಿ. ಎರಡು ಬಗೆಯ ಹೀಲಿಯಂ ಬೆರೆಸಿ, ಒಂದು ಇನ್ನೊಂದರೊಳಕ್ಕೆ ದಾಟುವಾಗ ಶಾಖ ಎಳೆದುಕೊಳ್ಳುವಂತೆ ಮಾಡುವ ಉಪಾಯ ಅದು. ಬೇಸಿಗೆಯಲ್ಲಿ ಮಣ್ಣಿನ ಮಡಿಕೆ ಬೆವರಿ ತನ್ನ ನೀರನ್ನು ತಣಿಸಿಕೊಳ್ಳುವುದರ ದೂರದ ನೆಂಟ. ಕೆಳಗೆ ಮುಟ್ಟಲು ಒಂದು ದಿನಕ್ಕಿಂತ ಹೆಚ್ಚೇ ಬೇಕು. ಅಲ್ಲಿಯವರೆಗೆ ಮಾಡಲು ಏನೂ ಇಲ್ಲ. ಯಂತ್ರ ಸೆಕೆಂಡಿಗೆ ಒಂದೂಕಾಲೋ ಒಂದೂವರೆಯೋ ಸಲ ಚಿವ್, ಚಿವ್ ಎನ್ನುತ್ತಿರುತ್ತದೆ, ಬೇಲಿಯಲ್ಲಿ ಕೂತ ಹಕ್ಕಿಯಂತೆ. ಅವಳು ಕುರ್ಚಿ ಎಳೆದುಕೊಂಡು ಕೂತಳು, ಊರಿಂದ ತಂದಿದ್ದ ಚಕ್ಕುಲಿ ಡಬ್ಬಿ ತೆಗೆದಳು. ಇಲ್ಲಿ ತಿನ್ನಬಹುದೇ ಎಂದು ಕೇಳಿದೆ. ಹೊರಗೆ ಹೋಗಿ ತಿಂದೆವು.

ಸಂಕ್ರಾಂತಿಗೆ ಅವಳು ಮತ್ತೆ ಊರಿಗೆ ಬಂದಳು. ಅವತ್ತು ನನ್ನ ಕಣ್ಣೆದುರು ಮಲಗಿಸಿದ ಆರು ತಂತಿಗಳಲ್ಲಿ ಎರಡು ಕೆಲಸ ಮಾಡಿದವು ಎಂದಳು, ಅವಳ ಮುಖ ನೋಡಿದರೆ ಎರಡು ಅನ್ನುವುದು ದೊಡ್ಡ ಸಂಖ್ಯೆ. ತಮ್ಮ ಕಣದಲ್ಲಿ ಒಣಗಿದ ಅಡಿಕೆಯನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ಫೋನಿನಲ್ಲಿ ಆ ಕಪ್ಪುಬಿಳುಪು ತೋಟದ ಚಿತ್ರ ತೆಗೆದು ಅವನ ಮುಂದೆ ಹಿಡಿದಳು. ಅವನು ಕೈ ಒರೆಸಿಕೊಂಡು ಫೋನು ಇಸಕೊಂಡ, ಕಣ್ಣಿಂದ ದೂರ ಹಿಡಿದ, ಹತ್ತಿರ ತಂದ.

"ಬಾಳ ಒತ್ತಾಗಿ ಹಾಕಿದಾರೆ. ಒಂಬತ್ತಡಿ ಬಿಡಬೇಕು."

"ಅಪ್ಪ, ಅದು ಅಡಿಕೆ ಅಲ್ಲ."

"ಗೊತ್ತವ್ವ." ಇನ್ನೂ ನೋಡುತ್ತಲೇ ಇದ್ದ. ಆಮೇಲೆ ಪರದೆಯ ಬಲಗಡೆ ಬೆರಳಿಟ್ಟ. "ಈ ಸಾಲಲ್ಲಿ ಮೂರನೇ ಮರಕ್ಕೆ ಸುಳಿ ಇಲ್ಲವಲ್ಲ."

ಅವಳು ಫೋನು ತೆಗೆದುಕೊಂಡು ಚಿತ್ರ ಹಿಗ್ಗಿಸಿದಳು. ನಾನೂ ಬಗ್ಗಿದೆ. ಉಳಿದೆಲ್ಲದರ ತಲೆಯ ಮೇಲೂ ಚಿನ್ನದ ಗುಂಡು ಇತ್ತು, ಅದೊಂದರ ಮೇಲೆ ಇರಲಿಲ್ಲ. ಹನಿ ಎಲ್ಲೋ ಜಾರಿ ಬಿದ್ದಿತ್ತು, ಮರ ಪಕ್ಕದವಕ್ಕಿಂತ ಗಿಡ್ಡವಾಗಿ ಅಲ್ಲೇ ನಿಂತಿತ್ತು.

"ಎಂಟು ತಿಂಗಳಿಂದ ಈ ಫೋಟೋ ನೋಡ್ತಾ ಇದೀನಿ" ಅಂದಳು.

ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ತಮ್ಮ ಮೋಟರು ಹಾಕಲು ಎದ್ದು ಹೋದ.